ಹಸಿರು ಪ್ರೆಸ್ಸಿನ ಹಣಿ ಮ್ಯಾಲಿನ ಅಕ್ಷರ

ನಮ್ಮ ಭಾವ, ಅಂದ್ರ ನನ್ನ ಗಂಡನ ಅಣ್ಣ, ದಿನಾ ಮುಂಜಾನೆ ನಳದ ಕಟ್ಟಿ ಮ್ಯಾಲ ಕುಂತು ಮಚ್ಚಿನಂಥಾ ಕೊಯ್ತಾ ಮಸೀತಿದ್ದ. ನೀರಿಗೆ ನಿಂತ ಹೆಂಗಸರು ಕೊಡ ಕಂಕುಳಾಗ ಇಟ್ಕೊಂಡು ದೂರ ಸರದು ನಿಲ್ತಿದ್ರು. ಅಂವ ಕಲ್ಲಿಗೆ ಒಂದೀಟು ನೀರು ಹಾಕಿ, ಅಲಗು ತಿಕ್ಕಿ, ಹೆಬ್ಬಟ್ಟಿಲೆ ಹರಿತ ನೋಡಿ, ನನ್ನ ಬಾಗಲ ಕಡೆ ಮಾರಿ ಮಾಡಿ ಒದರ್ತಿದ್ದ: "ಕೈಗೆ ಕೈ! ದಸರಾದೊಳಗ ನಿನ್ನ ತಮ್ಮನ್ನ ತಂದು ನಿಲ್ಲಸು. ಇಲ್ಲಾಂದ್ರ ನಾನೇ ಹುಡುಕಿ ತರ್ತೀನಿ."

ನಾನೂ ಸುಮ್ನ ಕೂಡೋ ಹೆಂಗಸಲ್ಲ. "ಮಸೀರಿ ಭಾವಾ, ಛಲೋತ್ನಾಗಿ ಮಸೀರಿ. ಮೊದಲ ನನ್ನ ಕುತ್ತಿಗಿಗೆ ಹತ್ತಬೇಕಲ್ಲ ಅದು" ಅಂತ ಒಳಗಿಂದನ ಒದರ್ತಿದ್ದೆ. ಹಂಗ ಒದರಿ, ಬಾಗಲ ಚಿಲಕ ಹಾಕ್ಕೊಂಡು ರೊಟ್ಟಿ ಬಡೀತಿದ್ದೆ.

ತೊಂಬತ್ತರ ದಶಕದ ಕಡೀ ವರ್ಷಗಳವು. ಯಾದಗಿರಿ ಕಡಿಂದ ದುಡಿಲಿಕ್ಕೆ ಬಂದ ನಾವು ಪುಣೆದಾಗ ನಿಗಡಿ ಹತ್ರದ ಒಂದು ಚಾಳಿನ್ಯಾಗ ಇದ್ವಿ. ಒಂದು ಖೋಲಿ ನಮ್ಮದು, ಬಾಜೂ ಖೋಲಿ ಭಾವಂದು. ನನ್ನ ಗಂಡ ತಗಡು ಒತ್ತಿ ಭಾಗ ಮಾಡೋ ಒಂದು ಶೆಡ್ಡಿನ್ಯಾಗ ಪ್ರೆಸ್ ಆಪರೇಟರ್. ನಾನೂ ಅಲ್ಲೇ; ಪ್ರೆಸ್ಸಿಂದ ಬಿದ್ದ ತುಣುಕುಗಳ ಚೂಪು ಅಂಚು ಕಾನಸಿಲೆ, ಅಂದ್ರ ಅರದಿಲೆ, ತಿಕ್ಕಿ ಸಾಪ ಮಾಡೋ ಕೆಲಸ ನಂದು. ನಮ್ಮವ್ವ ಸತ್ತ ಮ್ಯಾಲ ನನ್ನ ತಮ್ಮನ್ನ ನಾನೇ ಸಾಕಿದ್ದೆ. ಮೀಸಿ ಬಂದು ದೊಡ್ಡಾಂವ ಆದ ಮ್ಯಾಲ ಊರಿಂದ ಕರಕೊಂಡು ಬಂದು, ಗಂಡಗ ಕೈಮುಗದು, ಅವನ್ನೂ ಅದೇ ಶೆಡ್ಡಿಗೆ ಹಚ್ಚಿದೆ. ಗಂಡನ ಕೈಕೆಳಗ ಕೆಲಸ ಕಲೀಲಿ ಅಂತ ಹಚ್ಚಿದ್ದು ನಾನೇ.

ಆ ಶೆಡ್ಡಿನ್ಯಾಗ ಎಲ್ಲಕ್ಕಿಂತ ದೊಡ್ಡ ಪ್ರೆಸ್ ಹಸಿರು ಬಣ್ಣದ್ದು. ಇಟಲಿಯಿಂದ ಹಡಗಿನ್ಯಾಗ ಬಂದ ಹಳೇ ಮಾಲು, ಶೆಡ್ಡಿನ ಮಾಲಕ ಶೇಟನ ಅಪ್ಪ ಗುಜರಿ ರೇಟಿಗೆ ತಂದಿದ್ನಂತ. ಅದರ ಹಣಿ ಮ್ಯಾಲ, ಅಂದ್ರ ಮ್ಯಾಲಿನ ಕಬ್ಬಿಣ ಧಡ್ ಅಂತ ಇಳಿಯೋ ಜಾಗದ ಮ್ಯಾಲ, ಕೆಂಪು ಬಣ್ಣದಾಗ ಬ್ರಶ್ಶಿಲೆ ಬರದ ಸೊಟ್ಟಸೊಟ್ಟ ಅಕ್ಷರ ಇದ್ವು: SENDE DA SOLA. ಓದಲಿಕ್ಕೆ ಬರೋರು ಅಕ್ಷರ ಕೂಡಿಸಿ ಸೆಂಡೆ ದಾ ಸೋಲಾ ಅಂತಿದ್ರು. ಅರ್ಥ ಮಾತ್ರ ಕೇಳಬ್ಯಾಡ್ರಿ. ಆ ದೇಶದ ದೇವರ ಹೆಸರು ಅಂತ ಒಬ್ಬ ಅಂದ್ರ, ಮಷೀನು ಮಾಡಿದ ಹಿರ್ಯಾನ ಹೆಸರು ಅಂತ ಇನ್ನೊಬ್ಬ. ದೇವರು ಅನ್ನೂದೇ ಗಟ್ಟಿಯಾತು. ಪ್ರೆಸ್ಸಿಗೆ ಹಸಿರು ಬಣ್ಣ ಹೊಡಿವಾಗ ಪೇಂಟರ್ ಆ ಅಕ್ಷರದ ಸುತ್ತ ಚೌಕ ಬಿಟ್ಟು ಹೊಡದಿದ್ದ.

ನಮ್ಮ ಮಂದಿ ಕೆಲಸದ ಸಾಮಾನಿಗೆ ಕೈ ಮುಗೀದೆ ಕೆಲಸ ಹಿಡಿಯಂಗಿಲ್ಲ. ಊರಾಗ ನೇಗಿಲ ಮುಟ್ಟಿ ಕಣ್ಣಿಗೆ ಒತ್ಕೋತಿದ್ವಿ. ಇಲ್ಲಿ ಆ ಅಕ್ಷರ. ಪಾಳಿ ಶುರು ಆಗೋ ಮೊದಲ ನನ್ನ ಗಂಡ ಚಪ್ಪಲಿ ಬಿಟ್ಟು, ಬಲಗೈ ಎತ್ತಿ ಆ ಕೆಂಪು ಅಕ್ಷರ ಮುಟ್ಟಿ, ಎರಡೂ ಕಣ್ಣಿಗೆ ಒತ್ಕೊಂಡು ಆಮ್ಯಾಲ ಮೋಟಾರ್ ಹಚ್ತಿದ್ದ. ದಸರಾ ಹಿಂದಿನ ದಿವಸದ ಖಂಡೇ ಪೂಜಿಗೆ, ಅಂದ್ರ ಆಯುಧ ಪೂಜಿಗೆ, ಎಣ್ಣಿ-ಕುಂಕುಮ ಕಲಿಸಿ ಐದೂ ಬೆರಳಿಲೆ ಅಲ್ಲೇ ಬಳೀತಿದ್ದ. ವರ್ಷ ವರ್ಷ ಬಳದು ಬಳದು ಅಕ್ಷರದ ಮ್ಯಾಲ ಕುಂಕುಮದ ಪದರ ಕುಂತು, ಕಡೆಕಡೆಗೆ ಅಲ್ಲಿ ಅಕ್ಷರ ಅವ ಅನ್ನೂದೇ ಮರೆತು ಹೋಗಿತ್ತು.

ನನ್ನ ಗಂಡನ ಕೈ ಹೋದ ದಿವಸ ಶ್ರಾವಣದ ಮಳಿ. ನನ್ನ ತಮ್ಮ ಚಹಾದ ಗಾಡಿ ಹತ್ರ ನಿಂತು ತಡಾ ಮಾಡಿ ಬಂದ. ನನ್ನ ಗಂಡ ಎಲ್ಲಾರ ಮುಂದ ಅವನ ಕಪಾಳಕ್ಕ ಹೊಡದ. ಕೈಯಾಗಿನ ಡಬ್ಬಿ ಬಿದ್ದು ಪಲ್ಯ ನೆಲಕ್ಕ ಚೆಲ್ಲಿತು, ಮಂದಿ ನಕ್ಕರು. ತಮ್ಮ ಮಾರಿ ಕೆಂಪಗ ಮಾಡ್ಕೊಂಡು ಪಲ್ಯ ಬಳದು ಹೊರಗ ಒಗದು ಬಂದ. ಅದನ್ನ ಎಲ್ಲಾರೂ ನೋಡಿದ್ರು. ನೋಡಿದ್ದೇ ಮುಂದ ಅವನ ಕುತ್ತಿಗಿಗೆ ಬಂತು.

ಮಧ್ಯಾಹ್ನ ಹಸಿರು ಪ್ರೆಸ್ಸಿಗೆ ದೊಡ್ಡ ಶೀಟಿನ ಕೆಲಸ. ಶೀಟು ದೊಡ್ಡದಿದ್ರ ಒಬ್ಬ ಇಡಾಂವ, ಇನ್ನೊಬ್ಬ ಕಾಲಿಲೆ ಪೆಡಲ್ ಒತ್ತಾಂವ. ಇಡಾಂವ ಕೈ ಹೊರಗ ತಗದು "ಹಾಂ" ಅಂದ ಮ್ಯಾಲ ಒತ್ತಾಂವ ಒತ್ತಬೇಕು. ಇಡಾಂವ ನನ್ನ ಗಂಡ, ಒತ್ತಾಂವ ನನ್ನ ತಮ್ಮ. ನಾನು ಮೂಲ್ಯಾಗ ತಲಿ ಬಗ್ಗಿಸಿ ಕಾನಸ ಹೊಡೀಲಿಕ್ಕತ್ತಿದ್ದೆ. "ಹಾಂ" ಕೇಳಲಿಲ್ಲ. ಧಡ್ ಅಂದದ್ದು ಕೇಳ್ತು, ಅದರ ಹಿಂದನ ನನ್ನ ಗಂಡನ ಚೀರಾಟ. ಯವ್ವಾ, ಅದನ್ನ ಹೆಂಗ ಹೇಳ್ಲಿ! ಕೈ ಮಣಿಕಟ್ಟಿನ ತನಕ ಒಳಗಿತ್ತು, ಮ್ಯಾಲಿನ ಕಬ್ಬಿಣ ಅದರ ಮ್ಯಾಲ ಕುಂತಿತ್ತು. ಚಕ್ರ ಕೈಯಿಲೆ ಹಿಂದ ತಿರುಗಿಸಿ ಕಬ್ಬಿಣ ಎತ್ತೋತನಕ ಅಂವ ನಿಂತ ಕಾಲ ಮ್ಯಾಲ ಒದರ್ಕೊಂತನ ಇದ್ದ. ಹೊರಗ ಬಂದದ್ದು ಕೈ ಆಗಿರಲಿಲ್ಲ.

ಅವನ್ನ ರಿಕ್ಷಾದಾಗ ಹಾಕಿದ್ದೇ ತಡ, ಉಳದ ಮಂದಿ ನನ್ನ ತಮ್ಮನ ಮ್ಯಾಲ ಬಿದ್ದರು. ಮುಂಜಾನಿ ಏಟಿನ ಸೇಡು ತೀರಿಸ್ಕೊಂಡಾನ ಅಂತ ಪೈಪಿಲೆ, ಬೂಟಿಲೆ ಬಡದರು. ಕಿವಿಯಾಗಿಂದ ರಕ್ತ ಬಂತು. ನಾನು ಅವನ ಮ್ಯಾಲ ಅಡ್ಡ ಬಿದ್ದೆ. ಎರಡು ಏಟು ನನ್ನ ಬೆನ್ನಿಗೂ ಬಿದ್ದವು. ಕೆಳಗಿಂದ ಅಂವ ನನ್ನ ಕಿವ್ಯಾಗ ಒಂದೇ ಮಾತು ಅನ್ಲಿಕ್ಕತ್ತಿದ್ದ: "ಅಕ್ಕಾ, ನನ್ನ ಕಾಲು ಪೆಡಲ್ ಮ್ಯಾಲ ಇರಲಿಲ್ಲ. ತನ್ನಷ್ಟಕ್ಕ ತಾನ ಇಳೀತು. ತನ್ನಷ್ಟಕ್ಕ ತಾನ ಇಳೀತು ಅಕ್ಕಾ."

ನಾನು ನಂಬಿದೆ. ನಾನು ಸಾಕಿದ ಹುಡುಗ, ಕದ್ದ ಬೆಲ್ಲ ಬಾಯಾಗಿದ್ದಾಗಲೂ ಹೌದು ಕದ್ದೀನಿ ಅಂತಿದ್ದಾಂವ. ಆದ್ರ ನಾನು ನಂಬಿ ಏನಾತು? ಮರುದಿವಸ ಶೇಟ್ ಎಲ್ಲಾರನ್ನೂ ಸುತ್ತ ನಿಲ್ಲಿಸಿ ಅರ್ಧ ದಿವಸ ಪ್ರೆಸ್ ಖಾಲಿ ಓಡಿಸಿದ. ಒತ್ತಿದಾಗ ಇಳೀತು, ಒತ್ತದಾಗ ಸುಮ್ಮನ ನಿಂತಿತು. "ನೋಡ್ರಿ, ಮಷೀನು ಶುದ್ಧ ಅದ. ತಪ್ಪು ಆ ಹುಡುಗನ ಕಾಲಿಂದು" ಅಂದ. ಅಷ್ಟೇ ಸಾಕಾತು ನಮ್ಮ ಭಾವಗ. ಅವತ್ತೇ ಪೇಟಿಗೆ ಹೋಗಿ ಕೊಯ್ತಾ ತಂದ.

ಅಷ್ಟರಾಗ ನಾನು ತಮ್ಮನ್ನ ತರಕಾರಿ ಟೆಂಪೋದಾಗ ಹತ್ತಿಸಿ ಮಾರ್ಕೆಟ್ ಯಾರ್ಡಿಗೆ ಕಳಿಸಿದ್ದೆ. ಅಲ್ಲಿ ನಮ್ಮ ಕಡೆ ಹಮಾಲರು ಭಾಳ ಮಂದಿ. ಅವರೊಳಗ ಒಬ್ಬ ಆಗಿ ಚೀಲ ಹೊರಲಿ, ಜೀವ ಉಳೀಲಿ ಅಂತ. ಎಲ್ಲಿದ್ದಾನ ಅನ್ನೂದು ನನಗೊಬ್ಬಾಕಿಗೇ ಗೊತ್ತು.

ಗಂಡ ದವಾಖಾನಿಯಿಂದ ಮನಿಗೆ ಬಂದ. ಬಲಗೈ ಇದ್ದಲ್ಲಿ ಬಿಳೇ ಬಟ್ಟಿ ಸುತ್ತಿದ ಒಂದು ಗಂಟು. ಬಂದ ದಿವಸನ ಕೇಳಿದ: "ನಿನ್ನ ತಮ್ಮ ಎಲ್ಲಿದ್ದಾನ?" ಗೊತ್ತಿಲ್ಲ ಅಂದೆ. ಎಡಗೈಲೆ ಹೊಡದ. ಮೊದಲೂ ಸಿಟ್ಟು ಬಂದ್ರ ಕೈ ಎತ್ತಾಂವನ, ಸುಳ್ಳ್ಯಾಕ ಹೇಳ್ಲಿ. ಆದ್ರ ಬಲಗೈ ಏಟು ಎಲ್ಲಿ ಬೀಳ್ತದ ಅಂತ ನನಗ ಗೊತ್ತಿತ್ತು, ತಪ್ಪಿಸ್ಕೊಳ್ಳಲಿಕ್ಕೆ ಬರ್ತಿತ್ತು. ಎಡಗೈ ಎಲ್ಲಿ ಬೀಳ್ತಿತ್ತೋ ಅವನಿಗೂ ಗೊತ್ತಿರಲಿಲ್ಲ. ಕಣ್ಣು, ತುಟಿ, ಎದಿ, ಎಲ್ಲಿ ಸಿಕ್ರ ಅಲ್ಲಿ. ಹೊಡದು ಹೊಡದು ದಣದು, ಆಮ್ಯಾಲ ಆ ಬಿಳೇ ಗಂಟನ್ನ ಗ್ವಾಡಿಗೆ ತಾನೇ ಅಪ್ಪಳಿಸ್ಕೋತಿದ್ದ. ಬಟ್ಟಿ ಕೆಂಪಾಗ್ತಿತ್ತು. ನಾನೇ ಎದ್ದು ಹಿಡೀತಿದ್ದೆ, ನಾನೇ ಬಟ್ಟಿ ಬದಲಿಸ್ತಿದ್ದೆ. ಬದಲಿಸ್ಕೊಂತ ಅಳ್ತಿದ್ದೆ, ಬೈತಿದ್ದೆ.

ಭಾವಂದು ಬ್ಯಾರೇ ತರ. ಒಂದು ಸಂಜಿಮುಂದ ಒಳಗ ಬಂದು ನನ್ನ ಜಡಿ ಕೈಗೆ ಸುತ್ಕೊಂಡು ಎಳದ. "ಹೇಳ್ತೀಯೋ ಇಲ್ಲೋ?" ಕೈಗೆ ಸಿಕ್ಕಿದ್ದು ಲಟ್ಟಣಿಗಿ. ಅವನ ಮೊಣಕಾಲಿಗೆ ಬೀಸಿ ಹೊಡದೆ. ಯಪ್ಪೋ ಅಂತ ಕುಂತ. ಕುಂತಲ್ಲಿಂದನ ನನ್ನ ಹೊಟ್ಟಿಗೆ ಒದ್ದ. ನನ್ನ ಗಂಡ ಮೂಲ್ಯಾಗ ಕುಂತು ನೋಡ್ಲಿಕ್ಕತ್ತಿದ್ದ, ಎದ್ದು ಬರಲಿಲ್ಲ. ಅವತ್ತು ನನಗ ಆದ ಸಿಟ್ಟು ಇವತ್ತಿಗೂ ಆರಿಲ್ಲ.

ಇಷ್ಟಾದ್ರೂ ನಾನು ಶೆಡ್ಡಿಗೆ ಹೋಗೋದು ಬಿಡಲಿಲ್ಲ; ಮನಿ ನಡೀಬೇಕಲ್ಲ. ಹಸಿರು ಪ್ರೆಸ್ಸನ್ನ ಸೋಡಾಪುಡಿ ಹಾಕಿ ಉಜ್ಜಿ ತೊಳದಿದ್ರು. ರಕ್ತದ ಜೋಡಿ ಹಣಿ ಮ್ಯಾಲಿನ ಕುಂಕುಮಾನೂ ಹೋಗಿ, ಕೆಂಪು ಅಕ್ಷರ ಸ್ವಚ್ಛ ಎದ್ದು ಕಂಡ್ವು. ನಾನು ಕಾನಸ ಹಿಡ್ಕೊಂಡು ಅದನ್ನೇ ನೋಡ್ಕೊಂತ ಕುಂತೆ. ಕಂಪನಿ ಹೆಸರು ಆದ್ರ ಕಬ್ಬಿಣದಾಗ ಉಬ್ಬಿಸಿ ಎರಕ ಹೊಯ್ದಿರ್ತಾರ. ಅದು ಬಾಜೂದಾಗ ಬ್ಯಾರೇನೇ ಇತ್ತು. ಇದು ಮನಶಾ ಕೈಯಿಲೆ ಬರದದ್ದು, ಅವಸರದಾಗ, ಬಣ್ಣ ಸೋರ್ಯದ. ನಮ್ಮ ಚಾಳಿನ ಗ್ವಾಡಿ ಮ್ಯಾಲ ಹಿಂಗ ಬಣ್ಣದಾಗ ಯಾರು ಏನು ಬರೀತಾರ? ಇಲ್ಲಿ ಉಚ್ಚಿ ಹೊಯ್ಯಬ್ಯಾಡ್ರಿ, ನಾಯಿ ಕಡೀತದ, ಇಂಥಾವು. ದೇವರ ಹೆಸರು ಬರಿಯೋರು ಇಷ್ಟು ಸೊಟ್ಟ ಬರಿಯಂಗಿಲ್ಲ. ಇದು ಏನೋ ಹೇಳಲಿಕ್ಕೆ ಬರದದ್ದು ಅಂತ ನನಗ ಗಟ್ಟಿ ಅನ್ನಿಸ್ತು.

ಮಧ್ಯಾಹ್ನ ಊಟದ ಸೂಟಿದಾಗ, ಯಾರೂ ಇಲ್ಲದಾಗ, ಡಬ್ಬಿ ಮುಚ್ಚಳದ ಮ್ಯಾಲ ಕಬ್ಬಿಣದ ಮೊಳಿಲೆ ಆ ಅಕ್ಷರ ಕೆತ್ಕೊಂಡೆ. ನನಗ ಕನ್ನಡ ಬಿಟ್ರ ಬ್ಯಾರೇ ಅಕ್ಷರ ಬರ್ತಿರಲಿಲ್ಲ. ರಂಗೋಲಿ ಎಳಿ ನೋಡಿ ಹಾಕ್ದಂಗ ಗೆರಿಗೆ ಗೆರಿ ನೋಡಿ ಕೆತ್ತಿದೆ. ಅದು ನನ್ನ ಗಂಡನ ಡಬ್ಬಿ.

ಮುಚ್ಚಳ ಹಿಡ್ಕೊಂಡು ಎಲ್ಲಿ ಹೋಗಲಿಲ್ಲ ಹೇಳ್ರಿ! ನಮ್ಮ ಓಣಿಯಾಗ ವಿಜಾಪುರ ಕಡೆ ಕಾರಕೂನರೊಬ್ಬರು ಇದ್ದರು, ಭಾಳ ಓದಿದೋರು. "ಸೋಲಾ ಅಂದ್ರ ಹಿಂದಿಯೊಳಗ ಹದಿನಾರಲ್ಲೇನವಾ? ಮಷೀನಿನ ನಂಬರ್ ಇರ್ಬೇಕು, ನಡಿ" ಅಂದ್ರು. ಹಳೇ ಪುಸ್ತಕ ಮಾರೋ ಓಣಿಗೆ ಹೋದೆ. ಅಲ್ಲೊಬ್ಬ ಮುದುಕ ಪಾಪ ಛಲೋ ಮನಶಾ, ಗಂಟು ಬಿಚ್ಚಿ ಇಟಲಿ ಭಾಷಾದ ನಿಘಂಟು ತಗದ. ಬೆರಳಿಟ್ಟು ನೋಡಿದ. "ಕಡೀ ಶಬ್ದಕ್ಕ ಒಂಟಿ ಹೆಂಗಸು ಅಂತ ಅದ. ನಡುವಿನದು ಇಂದ ಅಂತ. ಮೊದಲಿನ ಶಬ್ದ ಇದರಾಗ ಇಲ್ಲೇ ಇಲ್ಲ ಬಾಯಿ, ತಪ್ಪು ಬರದಾರ" ಅಂದ. ಒಂಟಿ ಹೆಂಗಸಿನಿಂದ! ಅದನ್ನ ತಗೊಂಡು ನಾನು ಏನು ಮಾಡ್ಲಿ? ಒಂಟಿ ಹೆಂಗಸು ನಾನೇ ಆಗಿದ್ದೆ, ಅದಕ್ಕ ನಿಘಂಟು ಬೇಕಾಗಿರಲಿಲ್ಲ. ಅಂವನೇ ಹೇಳಿದ, ಕೋರೆಗಾಂವ್ ಪಾರ್ಕಿನ್ಯಾಗ ಆಶ್ರಮಕ್ಕ ಬಂದ ಎಲ್ಲಾ ದೇಶದ ಬಿಳೇ ಮಂದಿ ತಿರಗಾಡ್ತಾರ, ಅಲ್ಲಿ ಕೇಳು ಅಂತ.

ನವರಾತ್ರಿ ಶುರು ಆಗಿತ್ತು. ಕಣ್ಣ ಕೆಳಗ ಕಪ್ಪು ಬಾವು, ತುಟಿ ಒಡದದ್ದು, ಹಂಗ ಸೆರಗು ಹೊತ್ಕೊಂಡು ಕೋರೆಗಾಂವ್ ಪಾರ್ಕಿನ ರಸ್ತೆದಾಗ ಗಿಡದ ಕೆಳಗ ನಿಂತೆ. ಬಿಳೇ ಮಂದಿ ಕಂಡ ಕೂಡ್ಲೆ "ಇಟಲಿ? ಇಟಲಿ?" ಅಂತ ಮುಚ್ಚಳ ಚಾಚಿದೆ. ಒಬ್ಬಾಂವ ಅದರಾಗ ಒಂದು ನಾಣ್ಯ ಒಗದು ಹೋದ. ಭಿಕಾರಿ ಅಂತ ತಿಳದ! ತಗದು ಅವನ ಬೆನ್ನಿಗೇ ಬೀಸಿ ಹೊಡದೆ. ಅಂವ ಹೊರಳಿ ನೋಡಿ ದಡದಡ ಓಡಿದ. ಮರುದಿವಸ ಮತ್ತ ಹೋದೆ, ಅದರ ಮರುದಿವಸನೂ. ಕಡೀಗೆ ನರತ ಕೂದಲಿನ ಒಬ್ಬಾಕಿ ಸಣ್ಣ ದನಿಯಿಲೆ "ಇಟಲಿ, ಹಾಂ" ಅಂದಳು. ಈ ಊರಾಗ ಭಾಳ ವರ್ಷ ಇದ್ದಾಕಿ, ಮುರಕಾ ತುರಕಾ ಹಿಂದಿ ಬರ್ತಿತ್ತು.

ಮುಚ್ಚಳ ನೋಡಿ ಆಕಿ ನಕ್ಕಳು. ಸಾಲಿ ಹುಡುಗನ ಪಾಟಿ ನೋಡಿ ನಕ್ಕಂಗ. ಮೊದಲಿನ ಶಬ್ದದಾಗ ಒಂದಕ್ಷರ ಬಿಟ್ಟಾರ, ಬರದಾಂವ ಸಾಲಿ ಕಲಿತಾಂವ ಅಲ್ಲ ಅಂದಳು. ಎಲ್ಲಿ ಬರದದ ಅಂತ ಕೇಳಿದಳು. ನನಗ ಹಿಂದಿ ಅಷ್ಟಕ್ಕಷ್ಟೇ. ಮುಚ್ಚಳ ಕೆಳಗಿಟ್ಟು, ನನ್ನ ಬಲಗೈ ಅದರ ಮ್ಯಾಲ ಚಾಚಿ, ಎಡಗೈ ಮುಷ್ಟಿ ಮಾಡಿ ಮ್ಯಾಲಿಂದ ಧಡ್ ಅಂತ ಹೊಡಕೊಂಡು ತೋರಿಸಿದೆ. ಆಕಿ ನಗು ನಿಂತ್ಹೋತು. ನನ್ನ ಮಾರಿ ಮ್ಯಾಲಿನ ಬಾವು ನೋಡಿದಳು, ನನ್ನ ಕೈ ನೋಡಿದಳು. ಆಮ್ಯಾಲ ತಾನೂ ಅಂಗೈ ಬೋರಲ ಮಾಡಿ ಮೆಲ್ಲಕ ಕೆಳಗ ಇಳಿಸ್ಕೊಂತ ಒಂದೊಂದೇ ಶಬ್ದ ಹೇಳಿದಳು: "ಅಪನೇ ಆಪ್ ನೀಚೇ ಆತೀ ಹೈ."

ತನ್ನಷ್ಟಕ್ಕ ತಾನ ಇಳೀತದ.

ರಸ್ತೆದಾಗನ ಕುಂತುಬಿಟ್ಟೆ. ಪೈಪಿನ ಏಟಿನ ಕೆಳಗ ನನ್ನ ತಮ್ಮ ಅಂದ ಮಾತು, ಅಕ್ಷರಕ್ಕ ಅಕ್ಷರ. ಯಾವುದೋ ದೇಶದಾಗ ನಮ್ಮಂಥಾಂವನ ಒಬ್ಬ, ಸಾಲಿ ಬಿಟ್ಟು ಪ್ರೆಸ್ಸಿಗೆ ನಿಂತಾಂವ, ಮುಂದ ಬರಾಂವಗ ಗೊತ್ತಾಗಲಿ ಅಂತ ಬಣ್ಣ ತಂದು ಬರದಿದ್ದ. ಅವನ ಕೈನೂ ಹೋಗಿತ್ತೋ ಏನೋ, ಎಡಗೈಲೆ ಬರದಿದ್ನೋ ಏನೋ, ಅದಕ್ಕ ಅಷ್ಟು ಸೊಟ್ಟ ಇತ್ತೋ. ಆ ಮಾತನ್ನ ನಾವು ದಿನಾ ಮುಟ್ಟಿ ಕಣ್ಣಿಗೆ ಒತ್ಕೊಂಡಿದ್ವಿ. ಅದರ ಮ್ಯಾಲ ಕುಂಕುಮ ಬಳದು ಬಳದು ಮುಚ್ಚಿದ್ವಿ. ನಾನು ಆ ಪರದೇಶಿ ಹೆಂಗಸಿನ ಕಾಲು ಹಿಡ್ಕೊಂಡು ಬಾಯಿ ಮಾಡಿ ಅತ್ತೆ. ಆಕೀನೂ ನನ್ನ ಬಾಜೂ ಕುಂತಳು.

ಅಲ್ಲಿಂದ ನೆಟ್ಟಗ ಶೆಡ್ಡಿಗೆ ಹೋಗಿ ಶೇಟನ ಮಾರಿ ಮ್ಯಾಲನ ಹೇಳಿದೆ. ಸಿಟ್ಟಿನ ಭರದಾಗ ಹಿಂದ ಮುಂದ ನೋಡಲಿಲ್ಲ. ಅಂವ ತಣ್ಣಗ "ನಾಳಿಗಿ ಖಂಡೇ ಪೂಜಿ ಅದ, ನಿನ್ನ ಗಂಡನ್ನ ಕರಕೊಂಡು ಬಾ, ಎಲ್ಲಾರ ಮುಂದ ಮಾತಾಡೂಣು" ಅಂದ. ಎಷ್ಟು ಸಭ್ಯ ಮನಶಾ ಅನ್ನಿಸ್ತು ನನಗ.

ಮನ್ಯಾಗ ಹೇಳಿದೆ. ಭಾವ ಕೊಯ್ತಾದ ಹಿಡಿಕಿಗೆ ಹೊಸಾ ದಾರ ಸುತ್ಲಿಕ್ಕತ್ತಿದ್ದ, ತಲಿ ಎತ್ತಲಿಲ್ಲ. "ಬಿಳೇ ಹೆಂಗಸಿನ ಕೈಲೆ ಏನು ಬೇಕಾದ್ದು ಹೇಳಿಸಬಹುದು. ನಾಳಿಗಿ ಇದಕ್ಕೂ ಪೂಜಿ ಮಾಡ್ತೀನಿ. ನಾಡದ್ದು ದಸರಾ. ಮಂದಿ ಬನ್ನಿ ಕೊಡ್ತಾರ, ನಾನು ನಿನ್ನ ತಮ್ಮಗ ಇದನ್ನ ಕೊಡ್ತೀನಿ. ಮಾರ್ಕೆಟ್ ಯಾರ್ಡಿನ್ಯಾಗ ಚೀಲ ಹೊರ್ತಾನಂತಲ್ಲ?" ಅಂದ. ಗೊತ್ತಾಗಿಬಿಟ್ಟಿತ್ತು ಅವನಿಗೆ. ಗಂಡನ ಕಡೆ ತಿರುಗಿ "ನೀವರೆ ನಂಬ್ರಿ, ನಾಳೆ ಬಂದು ಕಣ್ಣಾರೆ ನೋಡ್ರಿ" ಅಂದೆ. ಅಂವ ಮುಚ್ಚಳ ಎತ್ತಿ ಗ್ವಾಡಿಗೆ ಒಗದ.

ಆದ್ರ ಪೂಜಿಗೆ ಬಂದ. ವರ್ಷಾ ಆ ಪ್ರೆಸ್ಸಿನ ಪೂಜಿ ಅವಂದೇ, ಬರದೇ ಇರಲಿಕ್ಕೆ ಆಗ್ಲಿಲ್ಲ ಅವನಿಗೆ. ಭಾವನೂ ಬಂದ, ಕೊಯ್ತಾಕ್ಕ ಕುಂಕುಮ ಹಚ್ಚಿ, ಬಟ್ಟಿಯಾಗ ಸುತ್ತಿ ಕಂಕುಳಾಗ ಇಟ್ಕೊಂಡು. ಶೆಡ್ಡಿನ ತುಂಬ ಝೆಂಡು ಹೂವಿನ ಹಾರ, ಊದಿನಕಡ್ಡಿ ವಾಸನಿ. ಆ ವಾಸನಿ ಒಳಗ ಇನ್ನೊಂದು ವಾಸನಿ ಇತ್ತು. ನಾನು ತಲಿ ಎತ್ತಿ ಹಣಿ ನೋಡಿದೆ. ಚೌಕ ಇರಲಿಲ್ಲ. ಎಲ್ಲಾ ಹಸಿರು, ಒಂದೇ ಸಮ, ಥಳಥಳ.

ಮುಗೀತು, ನನ್ನ ತಮ್ಮನ ಕೈ ಹೋತು ಅನ್ಕೊಂಡೆ.

ನನ್ನ ಗಂಡ ಏನೂ ನೋಡಿರಲಿಲ್ಲ, ತಲಿ ತಗ್ಗಿಸ್ಕೊಂಡೇ ಇದ್ದ. ಯಾರೋ ಎಣ್ಣಿ-ಕುಂಕುಮದ ತಾಟು ಹಿಡದ್ರು. ಎಡಗೈ ಅದ್ದಿ, ಕಣ್ಣು ಮುಚ್ಚಿ, ರೂಢಿ ಜಾಗಕ್ಕ ಐದೂ ಬೆರಳು ಒತ್ತಿದ. ಒತ್ತಿ ಕಣ್ಣಿಗೆ ಹಚ್ಕೊಳ್ಳಲಿಕ್ಕೆ ಕೈ ತಂದಾಂವ ಹಂಗ ನಿಂತುಬಿಟ್ಟ. ಅಂಗೈಯಾಗ ಕುಂಕುಮದ ಜೋಡಿ ಹಸಿರು. ಬಣ್ಣ ಇನ್ನೂ ಹಸಿ ಇತ್ತು. ಅಂವ ಕೈ ನೋಡಿದ, ಹಣಿ ನೋಡಿದ, ಮತ್ತ ಕೈ ನೋಡಿದ.

"ಯಾರು ಬಳದ್ರು ಇದನ್ನ?" ಕೇಳಿದಾಂವ ಭಾವ.

"ತುಕ್ಕು ಹಿಡದಿತ್ತು" ಅಂದ ಶೇಟ್. "ಹಬ್ಬ ಅಂತ ಹೊಡಿಸಿದೆ."

ಭಾವ ಮೆಲ್ಲಕ ಮುಂದ ಬಂದ. ಸಾಲಿ ಮೆಟ್ಟಿಲ ಹತ್ತಿದಾಂವಲ್ಲ ಅಂವ, ಆದ್ರ ದೇವರ ವಿಷಯ ಗೊತ್ತಿತ್ತು. "ಇದು ದೇವರ ಹೆಸರು ಅಂತಿದ್ರಿ. ಇಷ್ಟು ವರ್ಷ ಸುತ್ತ ಚೌಕ ಬಿಟ್ಟು ಬಣ್ಣ ಹೊಡಿಸಿದ್ರಿ. ಪೂಜಿ ಹಿಂದಿನ ದಿವಸ ದೇವರ ಹೆಸರಿನ ಮ್ಯಾಲ ಯಾರರೆ ಬಣ್ಣ ಬಳೀತಾರೇನ್ರಿ?" ಅಂದ. ಶೇಟ್ ತನ್ನ ಕೋಣಿ ಬಾಗಲ ಕಡೆ ನೋಡಿದ. "ದೇವರ ಹೆಸರಲ್ಲ ಅದು" ಅಂದ ಭಾವ, ತನಗ ತಾನ ಹೇಳ್ಕೊಂಡಂಗ. "ಆಕಿ ಅಂದದ್ದು ಖರೆ ಅದ."

ಬಟ್ಟಿ ಕಳಚಿ ಬಿತ್ತು. ಕೊಯ್ತಾ ಮ್ಯಾಲ ಹೋತು. ಶೇಟ್ ಹಿಂದ ಸರದು ಶೀಟಿನ ರಾಶಿಗೆ ಎಡವಿ ಬಿದ್ದ, ಮಂದಿ ಹೋ ಅಂತ ಚೆದುರಿದ್ರು. ಅಲಗು ಇಳಿಯೋ ಹೊತ್ತಿಗೆ ನನ್ನ ಗಂಡ ಹಾರಿ ಅಣ್ಣನ ರಟ್ಟಿ ಹಿಡದ, ಅದೇ ಹಸಿರು-ಕೆಂಪು ಎಡಗೈಲೆ. ಇಬ್ಬರೂ ಜಗ್ಗಾಡಿದ್ರು. ಗಂಡನ ಗಂಟಿನ ಬಟ್ಟಿ ಬಿಚ್ಚಿ ಹೋತು, ಗಾಯ ಒಡದು ರಕ್ತ ಇಳೀತು. "ಕಡೀಬೇಕು ಅನ್ನಿಸಿದ್ರ ಅದನ್ನ ಕಡಿ!" ಅಂತ ಒದರಿ ಪ್ರೆಸ್ಸಿನ ಕಡೆ ಅವನ್ನ ದಬ್ಬಿದ.

ಭಾವ ಕಡದ. ಮೋಟಾರಿಂದ ಚಕ್ರಕ್ಕ ಹೋಗೋ ರಬ್ಬರ್ ಪಟ್ಟಾ ಒಂದೊಂದಾಗಿ ಕಡದ. ಹಾರ ಕಡದ, ಪೆಡಲ್ ಕಡದ, ಕಬ್ಬಿಣಕ್ಕ ಹೊಡದು ಅಲಗು ಮುರದು ಕಿಡಿ ಹಾರಿದ್ವು. ಹಿಡಿಕಿ ಅಷ್ಟೇ ಕೈಯಾಗ ಉಳದಾಗ ಅದನ್ನ ಒಗದು, ಮಾರಿ ಮುಚ್ಕೊಂಡು ಆ ಕಬ್ಬಿಣಕ್ಕ ತಲಿ ಹೊಡ್ಕೊಂಡ. ಶೇಟ್ ಕೋಣಿ ಒಳಗ ಹೋಗಿ ಚಿಲಕ ಹಾಕ್ಕೊಂಡ. ಅವತ್ತೇ ಮಂದಿ ನಿಂತು ಫಿಟ್ಟರನ ಕೈಲೆ ಪ್ರೆಸ್ ಬಿಚ್ಚಿಸಿದ್ರು. ಕಬ್ಬಿಣ ಮ್ಯಾಲ ತಡದು ಹಿಡಿಯೋ ಸ್ಪ್ರಿಂಗು ಒಳಗ ಅರ್ಧ ಮುರದಿತ್ತು. ಹಿಡದ್ರ ಹಿಡೀತಿತ್ತು, ಬಿಟ್ರ ಬಿಡ್ತಿತ್ತು.

ದಾರಿಯಾಗ ನನ್ನ ಗಂಡ ಕೇಳಿದ: "ನಿನ್ನ ತಮ್ಮ ಎಲ್ಲಿದ್ದಾನ?" ಈ ಮಾತಿಗೆ ನನ್ನ ಮೈ ತಾನೇ ಮುದುಡ್ತು, ಕೈ ತಾನೇ ಮಾರಿಗೆ ಅಡ್ಡ ಹೋತು. ಅಂವ ಅದನ್ನ ನೋಡಿದ. ನೋಡಿ ರಸ್ತಿ ನಡುವನ ನಿಂತು ಅತ್ತ. ನಾನು ಸಮಾಧಾನ ಮಾಡಲಿಲ್ಲ, ಅಳಲಿ ಅಂತ ಬಿಟ್ಟೆ.

ದಸರಾ ದಿವಸ ಮಾರ್ಕೆಟ್ ಯಾರ್ಡಿನ್ಯಾಗ ಕಾಲಿಡಲಿಕ್ಕೆ ಜಾಗಾ ಇರಂಗಿಲ್ಲ. ಝೆಂಡು ಹೂವಿನ ಚೀಲದ ಗುಡ್ಡ ಬಿ‌ದ್ದಿರ್ತಾವ. ನನ್ನ ತಮ್ಮ ಒಂದು ಚೀಲ ಬೆನ್ನ ಮ್ಯಾಲ ಹೊತ್ಕೊಂಡು ಬರ್ಲಿಕ್ಕತ್ತಿದ್ದ. ನಾನು ಕೈ ಎತ್ತಿ ಕರೀಬೇಕು ಅನ್ನೂದ್ರಾಗ ಅಂವ ನನ್ನ ಹಿಂದ ನಿಂತ ಗಂಡನ್ನ ನೋಡಿದ, ಅವನ ಹಿಂದ ಭಾವನ್ನ ನೋಡಿದ. ಓಡಿ ಹೋಗ್ತಾನ ಅನ್ಕೊಂಡೆ. ಓಡಲಿಲ್ಲ. ದಣದಿದ್ದ, ಅಡಗಿ ಅಡಗಿ ಸಾಕಾಗಿತ್ತು ಅವನಿಗೆ; ಕೈಗೆ ಕೈ ಅನ್ನೋ ಮಾತೂ ಅವನ ಕಿವಿಗೆ ಬಿದ್ದಿತ್ತು. ಚೀಲ ಇಳಿಸಿದ. ಅದರ ಮುಂದ ಮೊಣಕಾಲೂರಿ ಕುಂತು, ತೋಳು ಮ್ಯಾಲ ಸರಿಸಿ, ಬಲಗೈ ಚೀಲದ ಮ್ಯಾಲ ಚಾಚಿ ಇಟ್ಟ. ಮಾರಿ ಆ ಕಡೆ ತಿರುವಿ ಕಣ್ಣು ಗಟ್ಟಿ ಮುಚ್ಚಿದ.

"ತಗೋ ಮಾಮಾ" ಅಂದ ನನ್ನ ಗಂಡಗ. "ನನ್ನ ಕಾಲು ಮಾತ್ರ ಅದರ ಮ್ಯಾಲ ಇರಲಿಲ್ಲ."

ನನ್ನ ಗಂಡ ಮುಂದ ಹೋದ. ಅಂಗಿ ಕಿಸೆದಾಗಿಂದ ಬನ್ನಿ ಎಲಿ ತಗದ. ಬಲಗೈಲೆ ಕೊಡಬೇಕು ಬನ್ನಿ, ಎಡಗೈಲೆ ಕೊಟ್ರ ತಪ್ಪು. ಬಗ್ಗಿ ಆ ಚಾಚಿದ ಅಂಗೈಯಾಗ ಎಲಿ ಇಟ್ಟ. "ಎಡಗೈಲೆ ಕೊಡ್ಲಿಕ್ಕತ್ತೀನಿ. ತಪ್ಪು ತಿಳ್ಕೋಬ್ಯಾಡ" ಅಂದ.

ನನ್ನ ತಮ್ಮ ಬೆರಳು ಮಡಚಲಿಲ್ಲ. ಕಣ್ಣೂ ತಗೀಲಿಲ್ಲ. "ಕಣ್ಣ ತಗಿಯೋ" ಅಂತ ನಾನು ಒದರಿದೆ. ಹಲ್ಲು ಕಚ್ಕೊಂಡು, ಅಂಗೈಯಾಗ ಬನ್ನಿ ಇಟ್ಕೊಂಡು, ಏಟು ಇನ್ನೂ ಬೀಳೋದದ ಅಂತ ಅಂವ ಕಾಯ್ಲಿಕ್ಕತ್ತಿದ್ದ.